ಮಂಜು ಸರಿಸಿದವನಿಗೆ ಏನು ಸಿಗಬೇಕು? ಫ್ಯಾಂಟಸಿ ಸ್ಟ್ರಾಟಜಿ ಮ್ಯಾಪ್ ಕಟ್ಟುವವರಿಗೆ ಹೋಲಿಕೆಯ ಮಾರ್ಗದರ್ಶಿ

ಕೊಡಗಿನ ನೆಲವನ್ನೇ ಮಾದರಿಯಾಗಿಟ್ಟುಕೊಂಡು ಫ್ಯಾಂಟಸಿ ಸ್ಟ್ರಾಟಜಿ ಗೇಮ್‌ಗೆ ಮ್ಯಾಪ್ ಮಾಡುವವರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಮಂಜು (ಇನ್ನೂ ಕಾಣದ ನೆಲವನ್ನು ಮರೆಮಾಡುವ ತೆರೆ) ಮುಚ್ಚಿದ ಜಾಗಕ್ಕೆ ಆಟಗಾರ ತಾನಾಗಿ ಹೋಗಬೇಕಾದರೆ ಅಲ್ಲಿ ಏನಿಡಬೇಕು? ಆಟ ಸಪ್ಪೆಯಾಗದಂತೆ, ಕೈಬಿಟ್ಟು ಎದ್ದುಹೋಗುವಷ್ಟು ಬಿಗಿಯೂ ಆಗದಂತೆ ಕಷ್ಟವನ್ನು ಯಾವ ಲೆಕ್ಕದಲ್ಲಿ ಏರಿಸಬೇಕು? ಒಂದೊಂದಕ್ಕೆ ಒಂದೊಂದು ಉತ್ತರ ಹುಡುಕಲು ಹೋದರೆ ಮ್ಯಾಪ್ ಕೆಡುತ್ತದೆ. ಹತ್ತು ಸರದಿ (ಟರ್ನ್) ಕಾಡು ಸುತ್ತಿ ಒಳ್ಳೆಯ ಕತ್ತಿ ತಂದ ಕೂಡಲೇ ಎದುರಾಳಿಗಳೆಲ್ಲ ಅಷ್ಟೇ ಬಲವಾಗಿಬಿಟ್ಟರೆ, ಕೋಟೆಯಲ್ಲೇ ಕೂತವನು ಜಾಣ ಎಂದಾಯಿತು. ಆದ್ದರಿಂದ ಇಲ್ಲಿ ಎರಡನ್ನೂ ಒಟ್ಟಿಗೆ ತೂಗಿದೆ.

ಕೊಡಗು ಇದಕ್ಕೆ ಹೇಳಿ ಮಾಡಿಸಿದ ನೆಲ. ಒಳಗೆ ಬರಲು ಬಾಗಿಲುಗಳು ಕೆಲವೇ: ಪೂರ್ವಕ್ಕೆ ಕುಶಾಲನಗರದ ಬಯಲು, ಮಂಗಳೂರಿನ ಕಡೆಯಿಂದ ಸಂಪಾಜೆ ಘಾಟಿ, ಕಣ್ಣೂರಿನ ಕಡೆಯಿಂದ ಮಾಕುಟ್ಟ, ವಯನಾಡಿನ ಕಡೆಯಿಂದ ಕುಟ್ಟ, ಹಾಸನದ ಕಡೆಯಿಂದ ಕೊಡ್ಲಿಪೇಟೆ. ನಡುವೆ ಗದ್ದೆ, ಬಾಣೆ (ಗದ್ದೆಗೆ ಸೇರಿದ ಮರಗಳಿರುವ ಎತ್ತರದ ನೆಲ), ಕೊಲ್ಲಿ (ಕಮರಿ), ಕಾಡು. 1748 ಮೀಟರಿನ ತಡಿಯಂಡಮೋಳ್ ಒಂದು ಕಡೆ, 1712 ಮೀಟರಿನ ಪುಷ್ಪಗಿರಿ ಇನ್ನೊಂದು ಕಡೆ. ದಾರಿ ಯಾವುದು, ಅಡ್ಡಿ ಯಾವುದು ಎಂದು ನೆಲವೇ ಹೇಳಿಬಿಡುತ್ತದೆ.

ಯಾವ ಅಳತೆಯಲ್ಲಿ ತೂಗುವುದು

ಆಯ್ಕೆಗಳನ್ನು ನೋಡುವ ಮೊದಲು ಐದು ಅಳತೆಗಳನ್ನು ಇಟ್ಟುಕೊಳ್ಳಿ. ಹೋಗುವುದೋ ಬಿಡುವುದೋ ಎಂದು ಆಟಗಾರ ನಿಜವಾಗಿ ಯೋಚಿಸಬೇಕಾಗುತ್ತದೆಯೇ, ಅಥವಾ ಉತ್ತರ ಯಾವಾಗಲೂ ಒಂದೇ ಆಗಿರುತ್ತದೆಯೇ? ಹುಡುಕಾಟದ ಬೆಲೆ ಎಷ್ಟನೇ ಸರದಿಯವರೆಗೆ ಉಳಿಯುತ್ತದೆ? ಮುಂದಿರುವವನನ್ನೇ ಅದು ಮತ್ತಷ್ಟು ಮುಂದೆ ತಳ್ಳುತ್ತದೆಯೇ? ಕಂಪ್ಯೂಟರ್ ಎದುರಾಳಿಗೆ ಅದನ್ನು ಬಳಸಿಕೊಳ್ಳಲು ಬರುತ್ತದೆಯೇ? ಮಾಡಿ ಮುಗಿಸಲು ನಿಮಗೆ ಎಷ್ಟು ದಿನ ಬೇಕು?

ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ. 'ಬ್ಯಾಟಲ್ ಫಾರ್ ವೆಸ್ನಾತ್' ಎಂಬ ಉಚಿತ ಫ್ಯಾಂಟಸಿ ಸ್ಟ್ರಾಟಜಿ ಆಟದ ಕಂಪ್ಯೂಟರ್ ಆಟಗಾರ ಹಳ್ಳಿಗಳನ್ನು ತಾನಾಗಿ ಹಿಡಿಯುತ್ತದೆ. ನೀವು ಒಂದು ಮನೆಯ ಮೇಲೆ ಬರೆದಿಟ್ಟ ವಿಶೇಷ ಘಟನೆ ಅದರ ಕಣ್ಣಿಗೆ ಬೀಳುವುದಿಲ್ಲ. (ಮನೆ ಎಂದರೆ ನಕ್ಷೆಯ ಆರುಮೂಲೆ ಖಾನೆ, ಚೌಕಾಬಾರದ ಮಾತನ್ನೇ ಇಲ್ಲೂ ಬಳಸಿದೆ.) ಅಂಥ ಐದು ನಿಧಿಗಳನ್ನು ಇಟ್ಟರೆ ಐದೂ ಮನುಷ್ಯನ ಪಾಲು. ಆಟ ಯಾಕೆ ಸುಲಭವಾಯಿತು ಎಂದು ಆಮೇಲೆ ತಲೆ ಕೆಡಿಸಿಕೊಳ್ಳುವಂತಾಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಆ ಜಾಗವನ್ನು ಕಂಪ್ಯೂಟರಿನ ಗುರಿಯಾಗಿ ನಮೂದಿಸಬಹುದು, ವೆಸ್ನಾತ್‌ನಲ್ಲಿ ಅದಕ್ಕೆ ಅವಕಾಶವಿದೆ. ಇಲ್ಲವೇ ನಿಧಿಗಳ ಅರ್ಧ ಮೊತ್ತವನ್ನು 6, 12, 18ನೇ ಸರದಿಗಳಲ್ಲಿ ಅದರ ಖಜಾನೆಗೆ ಹಂಚಿಕೊಡಿ.

ಮೊದಲು ಒಂದು ಹಳ್ಳಿಯ ಲೆಕ್ಕ

ಬಹುಮಾನ ಎಷ್ಟಿರಬೇಕು ಎಂಬುದನ್ನು ಊಹೆಗೆ ಬಿಡಬೇಡಿ, ಕೂಡಿ ಕಳೆದು ನೋಡಿ. ವೆಸ್ನಾತ್‌ನಲ್ಲಿ ಈಟಿಯಾಳಿಗೆ 14 ಚಿನ್ನ, ಒಂದು ಸರದಿಗೆ 5 ಅಂಕದ ನಡಿಗೆ. ಕಾಡಿನ ಮನೆ ದಾಟಲು ಅವನಿಗೆ 2 ಅಂಕ, ಗುಡ್ಡಕ್ಕೆ 2, ಪರ್ವತಕ್ಕೆ 3, ಹಳ್ಳಿಗೆ 1. ಮಲ್ಟಿಪ್ಲೇಯರ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಿಡಿದ ಹಳ್ಳಿ ಪ್ರತಿ ಸರದಿಗೆ 2 ಚಿನ್ನ ಕೊಡುತ್ತದೆ, ಅಲ್ಲಿ ತಂಗಿದವನಿಗೆ 8 ಅಂಕ ಗಾಯ ಮಾಯುತ್ತದೆ.

ಈಗ 9 ಕಾಡು ಮನೆಗಳ ಆಚೆ ಒಂದು ಹಳ್ಳಿ ಇದೆ ಎನ್ನಿ. ಸರದಿಗೆ ಎರಡೇ ಕಾಡು ಮನೆ ದಾಟಬಹುದು, ಉಳಿದ 1 ಅಂಕ ದಂಡ. ಐದು ಸರದಿಯ ನಡಿಗೆಯಲ್ಲಿ ಹಳ್ಳಿ ಸಿಗುತ್ತದೆ. ಸೇರಿದ ಸರದಿಯಲ್ಲಿ ಆಳು ನಡೆಯಲಾರ, ಹಾಗಾಗಿ ಮೊದಲ ಸರದಿಯಲ್ಲೇ ಸೇರಿಸಿಕೊಂಡವನು 6ನೇ ಸರದಿಗೆ ತಲುಪುತ್ತಾನೆ. ಆಟ 24 ಸರದಿಯದ್ದಾದರೆ ಅಲ್ಲಿಂದ ಕೊನೆಯವರೆಗೆ 18 ಬಾರಿ 2 ಚಿನ್ನ, ಒಟ್ಟು 36. ಅದೇ ಹಳ್ಳಿಯನ್ನು 18ನೇ ಸರದಿಗೆ ಹಿಡಿದರೆ ಬರುವುದು 12 ಚಿನ್ನ, ಆಳಿನ ಬೆಲೆಯೂ ಹುಟ್ಟುವುದಿಲ್ಲ. ಅಂದರೆ ಬರೀ ಹಳ್ಳಿಗಳನ್ನೇ ನೆಚ್ಚಿಕೊಂಡ ಮ್ಯಾಪ್‌ನಲ್ಲಿ ಹುಡುಕಾಟ 16–17ನೇ ಸರದಿಗೆ ಸಾಯುತ್ತದೆ. ಇದು ದೋಷವಲ್ಲ. ಅಲ್ಲಿಂದ ಮುಂದೆ ಬೇರೆ ಏನಾದರೂ ಇಡಬೇಕು, ಅಷ್ಟೆ.

ಕುದುರೆಯಾಳಿಗೆ 17 ಚಿನ್ನ, 8 ಅಂಕದ ನಡಿಗೆ. ಕಾಡಿಗೆ ಅವನಿಗೆ 3 ಅಂಕ ಬೇಕು, ಪರ್ವತವನ್ನಂತೂ ಹತ್ತಲಾರ. ಕುಶಾಲನಗರದ ಬಯಲಲ್ಲಿ ಅವನೇ ರಾಜ. ತಡಿಯಂಡಮೋಳ್ ಕಡೆಗೆ ಕಾಲಾಳೇ ಗತಿ. ಪೂರ್ವದಲ್ಲಿ ಬೇಗ ಸಿಗುವ ಚಿಕ್ಕ ಫಲ, ಪಶ್ಚಿಮದಲ್ಲಿ ತಡವಾಗಿ ಸಿಗುವ ದೊಡ್ಡ ಫಲ ಎಂದು ಹಂಚಿದರೆ ಯಾರನ್ನು ಕಳಿಸುವುದು ಎಂಬುದೇ ಆಟಗಾರನ ಮೊದಲ ತೀರ್ಮಾನವಾಗುತ್ತದೆ.

ಹುಡುಕಾಟಕ್ಕೆ ಏನಿಡುವುದು

ಬಿಟ್ಟಿ ಬಹುಮಾನ ಎಲ್ಲಕ್ಕಿಂತ ಸುಲಭ. 'ಸಿವಿಲೈಸೇಷನ್ 6'ರ ಬುಡಕಟ್ಟು ಹಳ್ಳಿಗಳು ಈ ಬಗೆಯವು: ಕಾಲಿಟ್ಟರೆ ಏನೋ ಒಂದು ಸಿಗುತ್ತದೆ. ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದು. ಆದರೆ ಇಲ್ಲಿ ಯೋಚಿಸುವ ಕೆಲಸವಿಲ್ಲ, ಹೋಗುವುದೇ ಯಾವಾಗಲೂ ಸರಿ. ಅದೃಷ್ಟವೂ ದೊಡ್ಡದು, ಒಬ್ಬನಿಗೆ ಮೂರು ಸಲ ಒಳ್ಳೆಯದು, ಇನ್ನೊಬ್ಬನಿಗೆ ಮೂರು ಸಲ ಪುಡಿಗಾಸು ಬಂದರೆ ಎಂಟನೇ ಸರದಿಗೇ ಆಟ ತೀರ್ಮಾನವಾದಂತೆ. ಈ ದಾರಿಯನ್ನೇ ಹಿಡಿಯುವುದಾದರೆ ಪ್ರತಿ ಸಲ ದಾಳ ಉರುಳಿಸಬೇಡಿ, ಪ್ರತಿ ಆಟಗಾರನಿಗೂ ಒಂದು ಚೀಲ ಮಾಡಿ. ಹತ್ತು ಚೀಟಿ: ನಾಲ್ಕರಲ್ಲಿ ಚಿನ್ನ, ಮೂರರಲ್ಲಿ ಸುತ್ತಲಿನ ನಕ್ಷೆ ತೆರೆಯುವುದು, ಎರಡರಲ್ಲಿ ಗಾಯ ಮಾಯುವುದು, ಒಂದರಲ್ಲಿ ಅಪರೂಪದ್ದು. ತೆಗೆದ ಚೀಟಿ ಚೀಲಕ್ಕೆ ವಾಪಸು ಹೋಗಬಾರದು. ಇಷ್ಟರಿಂದಲೇ ಅನ್ಯಾಯವೆನಿಸುವುದು ಬಹಳಷ್ಟು ತಗ್ಗುತ್ತದೆ.

ಕಾವಲಿರುವ ನಿಧಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಆಯ್ಕೆ. 1999ರ 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3' ಇವತ್ತಿಗೂ ಆಡಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ. ಅಲ್ಲಿ ದಾರಿಯಲ್ಲಿ ಬಿದ್ದ ಪೆಟ್ಟಿಗೆಯೂ ಪ್ರಶ್ನೆ ಕೇಳುತ್ತದೆ: 1000 ಚಿನ್ನ ಬೇಕೋ 500 ಅನುಭವ ಬೇಕೋ? ದೊಡ್ಡ ಪೆಟ್ಟಿಗೆಗಳಲ್ಲಿ 1500ಕ್ಕೆ 1000, 2000ಕ್ಕೆ 1500. ಇನ್ನು ಕಾವಲಿನ ಬಲವನ್ನು ಅದು ಅರ್ಧ ಮಾತ್ರ ಹೇಳುತ್ತದೆ. 1ರಿಂದ 4 ಇದ್ದರೆ ಒಂದು ಪದ, 5ರಿಂದ 9ಕ್ಕೆ ಇನ್ನೊಂದು, 10ರಿಂದ 19ಕ್ಕೆ ಮತ್ತೊಂದು, 20ರಿಂದ 49ಕ್ಕೆ ಮಗದೊಂದು. 'ಗುಂಪು' ಎಂದಾಗ ಹತ್ತೋ ಹತ್ತೊಂಬತ್ತೋ ತಿಳಿಯದು, ಇಪ್ಪತ್ತಲ್ಲ ಎಂಬುದು ಗೊತ್ತು. ಅಪಾಯವನ್ನು ಅಂದಾಜು ಮಾಡಲು ಇಷ್ಟು ಸಾಕು. ಪೂರ್ತಿ ಬಚ್ಚಿಟ್ಟರೆ ಆಟಗಾರ ಸೇವ್ ಮಾಡಿ, ಸತ್ತು, ಮತ್ತೆ ಲೋಡ್ ಮಾಡುತ್ತಾನೆ. ಪೂರ್ತಿ ತೋರಿಸಿದರೆ ಬರೀ ಕೂಡುವ ಲೆಕ್ಕವಾಗುತ್ತದೆ.

ನಿಮ್ಮ ಮ್ಯಾಪ್‌ನಲ್ಲಿ ಇದನ್ನು ಹೀಗೆ ಶುರುಮಾಡಿ. ಕಾವಲಿನವರ ಬೆಲೆಯ ಮೊತ್ತ ಎಷ್ಟೋ ನಿಧಿಯೂ ಅಷ್ಟಿರಲಿ. ಇಬ್ಬರು ಈಟಿಯಾಳುಗಳಿದ್ದರೆ 28 ಚಿನ್ನ. ಆಡಿಸಿ ನೋಡಿದಾಗ ಸರಾಸರಿ ಒಬ್ಬನನ್ನು ಕಳೆದುಕೊಂಡು ಗೆಲ್ಲುತ್ತಿದ್ದರೆ 14 ಚಿನ್ನ ಲಾಭ, ಜೊತೆಗೆ ಅನುಭವ. ಅದು ಸರಿಯಾದ ಹದ. ಇಬ್ಬರನ್ನು ಕಳೆದುಕೊಳ್ಳುತ್ತಿದ್ದರೆ ನಿಧಿಯನ್ನು 40ಕ್ಕೆ ಏರಿಸಿ, ಇಲ್ಲವೇ ಕಾವಲಿನವರನ್ನು ಗುಡ್ಡದಿಂದ ಗದ್ದೆಗೆ ಇಳಿಸಿ. ನೆಲದ ರಕ್ಷಣೆಯ ಅಂಕವೇ ಎಷ್ಟೋ ಸಲ ಅಂಕಿಗಳಿಗಿಂತ ಹೆಚ್ಚು ಆಡುತ್ತದೆ. ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬುಡದಲ್ಲಿರುವ ನಾಲ್ಕುನಾಡು ಅರಮನೆಯ ಜಾಗ ಇಂಥ ದೊಡ್ಡ ನಿಧಿಗೆ ಒಪ್ಪುತ್ತದೆ. 18ನೇ ಶತಮಾನದ ಕೊನೆಯಲ್ಲಿ ದೊಡ್ಡವೀರರಾಜೇಂದ್ರ ಅಷ್ಟು ಒಳಗೆ ಅರಮನೆ ಕಟ್ಟಿಸಿದ್ದ ಎಂಬುದೇ ಅದು ಎಷ್ಟು ಮರೆಯ ಜಾಗ ಎಂದು ಹೇಳುತ್ತದೆ.

ಒಪ್ಪಂದದ ಹಳ್ಳಿ ಮೂರನೆಯದು. 'ಎಂಡ್‌ಲೆಸ್ ಲೆಜೆಂಡ್'ನಲ್ಲಿ (2014) ಚಿಕ್ಕ ಜನಾಂಗಗಳ ಹಳ್ಳಿಗಳನ್ನು ಹೊಡೆದು ಗೆಲ್ಲಬಹುದು, ಹಣ ಕೊಟ್ಟು ಒಲಿಸಬಹುದು, ಅವರು ಹೇಳಿದ ಕೆಲಸ ಮಾಡಿಕೊಟ್ಟೂ ಗೆಲ್ಲಬಹುದು. 'ಸಿವಿಲೈಸೇಷನ್ 6' ಇನ್ನೂ ಸರಳವಾದ ದಾರಿ ಹಿಡಿದಿದೆ: ಒಂದು ನಗರ-ರಾಜ್ಯವನ್ನು ಮೊದಲು ಕಂಡವನಿಗೆ ಒಬ್ಬ ರಾಯಭಾರಿ ಉಚಿತ. 'ಮೊದಲು' ಎಂಬ ಒಂದೇ ಪದ ಎಲ್ಲರನ್ನೂ ಓಡಿಸುತ್ತದೆ. ಈ ಆಯ್ಕೆಯಲ್ಲಿ ಬರವಣಿಗೆಯ ಕೆಲಸ ಹೆಚ್ಚು. ಹಳ್ಳಿಗೆ ಎರಡು ಬಗೆಯ ಕೆಲಸ ಬರೆದರೂ ಎಂಟು ಹಳ್ಳಿಗೆ ಹದಿನಾರಾಯಿತು, ಪ್ರತಿಯೊಂದನ್ನೂ ಪರೀಕ್ಷಿಸಬೇಕು. ಒಬ್ಬರೇ ಮಾಡುವವರು ನಾಲ್ಕಕ್ಕಿಂತ ಹೆಚ್ಚು ಹಳ್ಳಿಗೆ ಕೈಹಾಕಬೇಡಿ.

ಸ್ವಂತ ನೆಲದಲ್ಲೇ ಹುಡುಕುವುದು ನಾಲ್ಕನೆಯದು. 'ಡೊಮಿನಿಯನ್ಸ್' ಸರಣಿಯಲ್ಲಿ ಗೆದ್ದ ಪ್ರಾಂತ್ಯದಲ್ಲೂ ಮಾಂತ್ರಿಕ ತಾಣಗಳು ಅಡಗಿರುತ್ತವೆ. ತಕ್ಕ ವಿದ್ಯೆ ಬಲ್ಲ ಮಾಂತ್ರಿಕ ಬಂದು ಹುಡುಕಿದರೆ ಮಾತ್ರ ಕಾಣುತ್ತವೆ. ಗಡಿ ಗಟ್ಟಿಯಾದ ಮೇಲೂ ಹುಡುಕಾಟ ಬದುಕಿರುವುದು ಹೀಗೆ.

ದೇವರಕಾಡಿನ ಪ್ರಶ್ನೆ ಬರುವುದು ಇಲ್ಲೇ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಹಾಗಾಗಿ ಮ್ಯಾಪ್ ಮಾಡುವವರಿಗೆ ಮೊದಲು ಹೊಳೆಯುವುದು ಅಲ್ಲಿ ನಿಧಿ ಇಡೋಣ ಎಂದೇ. ದಯವಿಟ್ಟು ಇಡಬೇಡಿ. ಕೊಡಲಿ ತಾಗಿಸಬಾರದು ಎಂದು ಊರವರು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಜಾಗವನ್ನು ಲೂಟಿಯ ಪೆಟ್ಟಿಗೆ ಮಾಡುವುದು ತಪ್ಪು. ದೇವರ ಹೆಸರನ್ನು, ಈಗ ಬಾಳುತ್ತಿರುವ ಒಕ್ಕಗಳ (ಕೊಡವ ಮನೆತನಗಳ) ಹೆಸರನ್ನು ಯೂನಿಟ್‌ಗಳಿಗೆ ಇಡುವುದೂ ಬೇಡ. ಅದರ ಬದಲು ನಿಯಮವನ್ನೇ ತಿರುಗಿಸಿ: ಕಾಡನ್ನು ಕಂಡುಹಿಡಿದು ಕಾದವನಿಗೆ ಫಲ. ಒಬ್ಬನೇ ಆಳು ಹೋಗಿ ಒಂದು ಸರದಿ ನಿಂತರೆ ಸುತ್ತ 4 ಮನೆ ದೂರದ ಮಂಜು ತೆರೆಯಲಿ. ಅಲ್ಲಿಂದ 3 ಮನೆಯೊಳಗೆ ತಂಗಿದ ತನ್ನವರಿಗೆಲ್ಲ ಸರದಿಗೆ 2 ಅಂಕ ಹೆಚ್ಚು ಗಾಯ ಮಾಯಲಿ. ಆ ಮನೆಗಳೊಳಗೆ ಯಾರು ಮೊದಲು ಆಯುಧ ಎತ್ತುತ್ತಾರೋ ಅವರಿಗೆ ಈ ಫಲ ಆಟ ಮುಗಿಯುವವರೆಗೆ ಇಲ್ಲ. ಶುರುವಿನಲ್ಲಿ ಇದರ ಬೆಲೆ ಕಡಿಮೆ, ಕಾಳಗ ಬಲಿತ ಮೇಲೆ ಹೆಚ್ಚು. ಹಳ್ಳಿಯ ಫಲ ಇಳಿಯುವ ಹೊತ್ತಿಗೆ ಇದರದ್ದು ಏರುತ್ತದೆ, ನಮಗೆ ಬೇಕಾದದ್ದೂ ಅದೇ. ಕಂಪ್ಯೂಟರ್ ಎದುರಾಳಿಗೆ ಮಾತ್ರ ಇದು ಅರ್ಥವಾಗದು, ಹಾಗಾಗಿ ಇಬ್ಬರು ಮನುಷ್ಯರು ಆಡುವ ಮ್ಯಾಪ್‌ಗೆ ಇಟ್ಟುಕೊಳ್ಳಿ.

ಕೊನೆಯದು ದಾರಿಯ ಅರಿವು. ವಸ್ತು ಏನೂ ಸಿಗುವುದಿಲ್ಲ, ಒಳದಾರಿ ಗೊತ್ತಾಗುತ್ತದೆ. ಹಳೆಯ ಯುದ್ಧಕಾಲದ ಕಡಂಗಗಳನ್ನು (ಕಂದಕಗಳನ್ನು) ಇದಕ್ಕೆ ಬಳಸಿ. ಕಂಡವನಿಗೆ ಕಡಂಗದ ಮನೆ 1 ಅಂಕದ ನಡಿಗೆ, ಕಾಣದವನಿಗೆ 3.

ಮಳೆಗಾಲವನ್ನು ಸೇರಿಸುವುದಾದರೆ

'ಎಂಡ್‌ಲೆಸ್ ಲೆಜೆಂಡ್'ನಲ್ಲಿ ಚಳಿಗಾಲ ಬಂದಾಗ ನಡಿಗೆಯೂ ಉತ್ಪಾದನೆಯೂ ಕುಗ್ಗುತ್ತವೆ. ಕೊಡಗಿನ ಮ್ಯಾಪ್‌ಗೆ ಆ ಕೆಲಸವನ್ನು ಮಳೆಗಾಲ ಮಾಡುತ್ತದೆ. ತಿಂಗಳಿಗೆ ಎರಡು ಸರದಿಯಂತೆ ಅಕ್ಟೋಬರ್‌ನಿಂದ, ಅಂದರೆ ತುಲಾ ಸಂಕ್ರಮಣದ ತಿಂಗಳಿಂದ ಎಣಿಸಿದರೆ ಮೇ ಮುಗಿಯುವಾಗ 16 ಸರದಿ ಆಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 8 ಸರದಿ ಮಳೆ. ಹಳ್ಳಿಯ ಲೆಕ್ಕದಲ್ಲಿ ಹುಡುಕಾಟ ನಿಲ್ಲುವುದೂ ಅಲ್ಲೇ, ಹಾಗಾಗಿ ಎರಡೂ ಕೂಡಿ ಬರುತ್ತವೆ. ಬೇಸಿಗೆ ನೆಲ ತಿಳಿಯುವ ಕಾಲ, ಮಳೆ ಹಿಡಿದದ್ದನ್ನು ಉಳಿಸಿಕೊಳ್ಳುವ ಕಾಲ.

ಎಚ್ಚರ ಬೇಕಾದದ್ದು ಒಂದು ಕಡೆ. ಮಳೆಯಲ್ಲಿ ಕಾಡಿನ ನಡಿಗೆಗೆ 1 ಅಂಕ ಕೂಡಿಸಿದರೆ ಅಲ್ಪವೆಂದು ಕಾಣುತ್ತದೆ. ಆದರೆ 5 ಅಂಕದ ಆಳು ಸರದಿಗೆ ಎರಡು ಮನೆಯ ಬದಲು ಒಂದೇ ಮನೆ ದಾಟುತ್ತಾನೆ; ಐದು ಸರದಿಯ ದಾರಿ ಒಂಬತ್ತಾಗುತ್ತದೆ. ಇದು ಅತಿ ಎನಿಸಿದರೆ ನಡಿಗೆ ಮುಟ್ಟಬೇಡಿ, ನೋಟದ ದೂರವನ್ನು ಕಡಿಮೆ ಮಾಡಿ, ಹೊಳೆಯ ಆಳವಿಲ್ಲದ ಮನೆಗಳನ್ನು ದಾಟಲಾಗದಂತೆ ಮಾಡಿ. ಭಾಗಮಂಡಲದ ಕಡೆ ಉಳಿದವನು ಮಳೆ ಮುಗಿಯುವವರೆಗೆ ಅಲ್ಲೇ ಉಳಿಯಬೇಕಾಗಬಹುದು, ಅಷ್ಟು ಸಾಕು.

ಕಷ್ಟ ಏರಿಸುವ ಬಗೆಗಳು

ಎದುರಾಳಿಗೆ ಹೆಚ್ಚು ಕೊಡುವುದು ಒಂದು. 'ಸಿವಿಲೈಸೇಷನ್ 6'ರ ಅತಿ ಕಠಿಣ ಹಂತದಲ್ಲಿ ನೀವು ಒಬ್ಬ ವಲಸಿಗನೊಂದಿಗೆ ಶುರುಮಾಡಿದರೆ ಕಂಪ್ಯೂಟರಿಗೆ ಮೂವರು, ಉತ್ಪಾದನೆಯಲ್ಲಿ ಶೇ 80 ಹೆಚ್ಚುವರಿ. ಮಾಡುವುದು ಸುಲಭ, ನಾಲ್ಕು ಅಂಕಿ ಬದಲಿಸಿದರೆ ಆಯಿತು. ಆದರೆ ಬಲವೆಲ್ಲ ಶುರುವಿನಲ್ಲೇ ಸುರಿಯುವುದರಿಂದ ಸುತ್ತಲಿನ ಬಹುಮಾನಗಳು ಮೊದಲೇ ಅವರ ಪಾಲಾಗುತ್ತವೆ, ಹುಡುಕಲು ಹೊರಟವನಿಗೆ ಖಾಲಿ ಕಾಡು. ಆ ಹೊಡೆತ ತಡೆದುಕೊಂಡರೆ ಮುಂದೆ ಆಟ ಸಡಿಲ. ಇದನ್ನೇ ಬಳಸುವುದಾದರೆ ಹೆಚ್ಚುವರಿಯನ್ನು 24 ಸರದಿಗೂ ಹರಡಿ.

ಆಟಗಾರನಿಗೆ ಕಡಿಮೆ ಕೊಡುವುದು ಇನ್ನೊಂದು. ಕೇಳಲು ಎರಡೂ ಒಂದೇ ಎನಿಸಬಹುದು. ಹುಡುಕಾಟದ ಮಟ್ಟಿಗೆ ಪೂರ್ತಿ ಉಲ್ಟಾ. 'ಹೀರೋಸ್ 3'ರಲ್ಲಿ ಸುಲಭ ಹಂತದಲ್ಲಿ ಕೈಗೆ 30,000 ಚಿನ್ನ, ಮುಂದೆ ಹಂತ ಹಂತವಾಗಿ 20,000, 15,000, 10,000, ಕೊನೆಯ ಹಂತದಲ್ಲಿ ಸೊನ್ನೆ. 30,000 ಇದ್ದವನಿಗೆ ದಾರಿಯ 1000ದ ಪೆಟ್ಟಿಗೆ ಲೆಕ್ಕಕ್ಕಿಲ್ಲ. ಸೊನ್ನೆಯಿಂದ ಶುರುಮಾಡಿದವನಿಗೆ ಅದೇ ಪೆಟ್ಟಿಗೆ ಮೊದಲ ವಾರದ ಊಟ. ಕಷ್ಟ ಹೆಚ್ಚಿದಷ್ಟೂ ಮಂಜಿನೊಳಗೆ ಹೋಗುವ ಹಸಿವೂ ಹೆಚ್ಚುತ್ತದೆ. ಕಡಿಮೆ ದುಡಿಮೆಗೆ ಹೆಚ್ಚು ಫಲ ಕೊಡುವ ಬಗೆ ಇದೇ.

ದೂರಕ್ಕೆ ತಕ್ಕ ಕಾವಲು ಮೂರನೆಯದು. ಕೋಟೆಯಿಂದ 2 ಸರದಿ ದೂರದಲ್ಲಿ ಮೊದಲ ಹಂತದ ಒಬ್ಬ, 4 ಸರದಿ ದೂರದಲ್ಲಿ ಇಬ್ಬರು, 7 ಸರದಿ ದೂರದಲ್ಲಿ ಎರಡನೇ ಹಂತದ ಇಬ್ಬರು. ದೂರವನ್ನು ಮನೆಯಲ್ಲಿ ಅಳೆಯಬೇಡಿ, ನಡೆಯುವ ಸರದಿಯಲ್ಲಿ ಅಳೆಯಿರಿ. ಬಯಲಿನ ಹತ್ತು ಮನೆಗೂ ಕೊಲ್ಲಿಯ ಹತ್ತು ಮನೆಗೂ ಅಜಗಜಾಂತರ. ಇಲ್ಲಿ ಕಷ್ಟ ಜಾಗಕ್ಕೆ ಅಂಟಿಕೊಂಡಿರುತ್ತದೆ, ಆಟಗಾರ ತನಗೆ ಬೇಕಾದಷ್ಟನ್ನು ತಾನೇ ಆರಿಸಿಕೊಳ್ಳುತ್ತಾನೆ.

ಕಾಲಕ್ಕೆ ತಕ್ಕಂತೆ ಬೆಳೆಯುವ ಕಾವಲು ಅದರ ತಮ್ಮ. 'ಹೀರೋಸ್ 3'ರ ಕಾವಲುಪಡೆಗಳು ವಾರಕ್ಕೆ ಶೇ 10 ಬೆಳೆಯುತ್ತವೆ. 20 ಇದ್ದದ್ದು ನಾಲ್ಕು ವಾರಕ್ಕೆ ಸುಮಾರು 29. ಮೈಗಳ್ಳತನಕ್ಕೆ ಇದು ಮದ್ದು. ಹೊಸಬರಿಗೆ ಮಾತ್ರ ಕಾಟ, ಅವರ ಮ್ಯಾಪ್‌ನಲ್ಲಿ ಶೇ 5 ಇಡಿ.

ಆಟಗಾರನ ಬಲ ನೋಡಿ ಎದುರಾಳಿಯ ಬಲ ಏರಿಸುವುದನ್ನು ಹುಡುಕಾಟವೇ ಮುಖ್ಯವಾದ ಆಟಕ್ಕೆ ಬಳಸಲೇಬೇಡಿ. ಮೇಲೆ ಹೇಳಿದ ಕತ್ತಿಯ ಕಥೆ ಆಗುವುದು ಇದರಿಂದಲೇ. ಸೋಲುತ್ತಿರುವವನಿಗೆ ಆಸರೆ ಬೇಕಿದ್ದರೆ ಗೆಲ್ಲುವವನ ಕಾಲೆಳೆಯದೆ, ಹಿಂದುಳಿದವನ ಸ್ಕೌಟ್‌ಗೆ 1 ಮನೆ ಹೆಚ್ಚು ನೋಟ ಕೊಡಿ.

ಕೆಣಕಿದಷ್ಟು ಏರುವ ಕೋಪ ಕೊನೆಯದು. 2009ರ 'ಎಐ ವಾರ್' ಬಾಹ್ಯಾಕಾಶದ ಆಟ, ಆದರೂ ಅದರ ಉಪಾಯ ಇಲ್ಲಿಗೂ ಸಲ್ಲುತ್ತದೆ: ನೀವು ಗ್ರಹ ಹಿಡಿದಂತೆಲ್ಲ ಎದುರಾಳಿಯ ಒಂದು ಅಂಕ ಏರುತ್ತದೆ, ಅದಕ್ಕೆ ತಕ್ಕ ಪಡೆ ಬರುತ್ತದೆ. ಅಂಕ ಕಣ್ಣೆದುರೇ ಇರುವುದರಿಂದ ಇನ್ನೊಂದು ಬೇಕೋ ಬೇಡವೋ ಎಂದು ಆಟಗಾರ ತೂಗುತ್ತಾನೆ. ಉದ್ದದ ಕ್ಯಾಂಪೇನ್‌ಗೆ ಇದು ಬಹಳ ಚೆನ್ನ, ಹದಕ್ಕೆ ತರಲು ತಿಂಗಳುಗಳೇ ಹಿಡಿಯುತ್ತವೆ.

ಯಾರಿಗೆ ಯಾವುದು

ಒಬ್ಬರೇ, ಕೈಯಲ್ಲಿ ಹಳೆಯ ಲ್ಯಾಪ್‌ಟಾಪ್, ಖರ್ಚು ಮಾಡುವಂತಿಲ್ಲ ಎನ್ನುವವರು ವೆಸ್ನಾತ್ ಹಿಡಿಯಿರಿ. ಉಚಿತ, ಮುಕ್ತ ತಂತ್ರಾಂಶ, ಮ್ಯಾಪ್ ಎಡಿಟರ್ ಒಳಗೇ ಇದೆ. ಹಳ್ಳಿ, ದೂರಕ್ಕೆ ತಕ್ಕ ಕಾವಲಿನ ಐದು ನಿಧಿ, ಶುರುವಿನ ಚಿನ್ನದಲ್ಲಿ ಮೂರು ಹಂತ (ಉದಾಹರಣೆಗೆ 120, 90, 60) ಇಷ್ಟಿದ್ದರೆ ಎರಡು ವಾರಾಂತ್ಯದ ಕೆಲಸ. ಹಾಸ್ಟೆಲ್‌ನಲ್ಲಿ ಎದುರುಬದುರು ಕೂತು ಆಡುವವರಿಗೆ ದೇವರಕಾಡು, ಕಡಂಗ, ಮಳೆಗಾಲ ಮೂರನ್ನೂ ಸೇರಿಸಬಹುದು, ಕಂಪ್ಯೂಟರಿಗೆ ಕಲಿಸುವ ತಾಪತ್ರಯವಿಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದು, ಕಟ್ಟುವುದಕ್ಕಿಂತ ಆಡಿ ಕಲಿಯುವ ಮನಸ್ಸಿದ್ದವರು 2023ರ 'ಏಜ್ ಆಫ್ ವಂಡರ್ಸ್ 4' ನೋಡಿ. ಅಲ್ಲಿ ಎದುರಾಳಿಯ ಬಲಕ್ಕೂ ಕಾಡಿನ ಅಪಾಯಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇದೆ. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ ಆಡಿದರೆ ಇಲ್ಲಿ ಬರೆದದ್ದು ಕೈಯಲ್ಲೇ ತಿಳಿಯುತ್ತದೆ.

ಜೂನ್‌ನಲ್ಲಿ ಕರೆಂಟು ಕೈಕೊಡುವ ದಿನಗಳಿಗೆ ಕಾಗದದ ಮಾದರಿಯೇ ವಾಸಿ. ಆರುಮೂಲೆ ಮನೆ ಎಳೆದ ಹಾಳೆ, ನಿಧಿಗೆ ಕಾಫಿ ಬೀಜ, ಕಾವಲಿಗೆ ಕರಿಮೆಣಸು, ಮಂಜಿಗೆ ಹರಿದ ಕಾಗದದ ಚೂರುಗಳು. ಇಬ್ಬರು ಎರಡು ಗಂಟೆಯಲ್ಲಿ 24 ಸರದಿ ಮುಗಿಸಬಹುದು.

ಪ್ರತಿ ಆಟದಲ್ಲೂ ಮೂರೇ ಅಂಕಿ ಬರೆದುಕೊಳ್ಳಿ: ಮೊದಲ ನಿಧಿ ಸಿಕ್ಕ ಸರದಿ, 12ನೇ ಸರದಿಗೆ ತೆರೆದ ಮನೆಗಳ ಪಾಲು, 12ರಲ್ಲಿ ಮುಂದಿದ್ದವನೇ ಕೊನೆಗೆ ಗೆದ್ದನೇ ಎಂಬುದು. ಆರು ಆಟದಲ್ಲಿ ಐದು ಸಲ ಅವನೇ ಗೆದ್ದಿದ್ದರೆ ಹತ್ತಿರದ ನಿಧಿಗಳು ಹೆಚ್ಚಾಗಿವೆ, ಎರಡನ್ನು ದೂರಕ್ಕೆ ಸರಿಸಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಮೂರು ಆಟ ಕಳೆದರೂ ಯಾರೂ ಕಕ್ಕಬ್ಬೆ ಕಡೆ ತಲೆ ಹಾಕದಿದ್ದರೆ ನಿಧಿ ಹೆಚ್ಚಿಸಲು ಹೋಗಬೇಡಿ. ದಾರಿಯ ನಡುವೆ, ಮೂರನೇ ಸರದಿಗೆ ಸಿಗುವಂತೆ ಒಂದು ಹಳ್ಳಿ ಇಡಿ. ಗಾಯ ಮಾಯಿಸಿಕೊಂಡು ಮುಂದೆ ಹೋಗಲು ತಾವಿದ್ದರೆ ಜನ ಹೋಗುತ್ತಾರೆ.